ಆಟದ ನಡುವೆ ಕಂಪ್ಯೂಟರು ನಿದ್ರಿಸುವುದೇಕೆ?

ಗೇಮ್‌ಪ್ಯಾಡನ್ನು ಹಿಡಿದು ಆಟದಲ್ಲಿ ಮಗ್ನನಾದವನ ಬೆರಳುಗಳಿಗೆ ಕ್ಷಣಕಾಲವೂ ಬಿಡುವಿರುವುದಿಲ್ಲ. ಆದರೂ ಲಿನಕ್ಸ್ ಕಂಪ್ಯೂಟರುಗಳಲ್ಲಿ ಕೆಲವೊಮ್ಮೆ, ಆಟ ರಂಗೇರಿರುವಾಗಲೇ ಪರದೆ ಕಪ್ಪಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಯಂತ್ರವೂ ನಿದ್ರೆಗೆ ಜಾರುತ್ತದೆ. ದೂರದ ಗೆಳೆಯರೊಡನೆ ಅಂತರ್ಜಾಲದ ಮೂಲಕ ಆಡುತ್ತಿದ್ದರಂತೂ ಸಂಪರ್ಕವೇ ಕಡಿದು, ಗೆಲ್ಲಬೇಕಾದ ಪಂದ್ಯ ಕೈತಪ್ಪುತ್ತದೆ. ಎಡೆಬಿಡದೆ ದುಡಿಯುತ್ತಿರುವ ಯಂತ್ರವು ತನ್ನೆದುರಿಗೆ ಯಾರೂ ಇಲ್ಲವೆಂದು ಬಗೆಯುವುದಾದರೂ ಹೇಗೆ?

ಕಂಪ್ಯೂಟರಿಗೆ ಮನುಷ್ಯನ ಇರವು ನೇರವಾಗಿ ತಿಳಿಯದು. ಕೊನೆಯ ಬಾರಿ ಕೀಲಿಮಣೆಯನ್ನು ಒತ್ತಿದ ಅಥವಾ ಮೌಸನ್ನು ಅಲುಗಿಸಿದ ಗಳಿಗೆಯಿಂದ ಅದು ಕಾಲವನ್ನು ಎಣಿಸುತ್ತ ಹೋಗುತ್ತದೆ. ಹೊಸ ಒತ್ತುವಿಕೆ ಬಂದೊಡನೆ ಎಣಿಕೆ ಸೊನ್ನೆಗೆ ಇಳಿಯುತ್ತದೆ. ಬಾರದಿದ್ದರೆ, ಗೊತ್ತುಪಡಿಸಿದ ಅವಧಿ ಮುಗಿದ ಕೂಡಲೇ ನಿದ್ರೆಯ ಆಜ್ಞೆ ಹೊರಡುತ್ತದೆ.

ಕೀಲಿಮಣೆ ಮತ್ತು ಮೌಸುಗಳ ಸಂಕೇತಗಳು ಲಿನಕ್ಸಿನ ತಿರುಳಾದ ಕರ್ನೆಲ್ಲಿನಿಂದ ಹೊರಟು, ಪರದೆಯ ವ್ಯವಹಾರವನ್ನು ನೋಡಿಕೊಳ್ಳುವ ತಂತ್ರಾಂಶದ ಮೂಲಕ ಸಾಗುತ್ತವೆ. ಈ ಎಣಿಕೆ ನಡೆಯುವುದೂ ಆ ದಾರಿಯಲ್ಲಿಯೇ. ಗೇಮ್‌ಪ್ಯಾಡಿನ ಸಂಕೇತಗಳಾದರೋ ಸಾಮಾನ್ಯವಾಗಿ ಆ ದಾರಿಯನ್ನು ತುಳಿಯುವುದಿಲ್ಲ. ಕರ್ನೆಲ್ ಅವುಗಳನ್ನು ಒಂದು ಸಾಧನ-ಕಡತದಲ್ಲಿ ಒದಗಿಸುತ್ತದೆ. ಆಟದ ತಂತ್ರಾಂಶ ಅದನ್ನು ನೇರವಾಗಿ ಓದಿಕೊಳ್ಳುತ್ತದೆ. ಮುಂಬಾಗಿಲಿನಲ್ಲಿ ಕುಳಿತ ಕಾವಲುಗಾರನಿಗೆ ಹಿತ್ತಿಲ ಬಾಗಿಲಿನಿಂದ ಬಂದ ನೆಂಟರ ಸುಳಿವು ಹತ್ತದಂತೆ ಇದು.

ಹಾಗಾದರೆ ಪರಿಹಾರವೇನು? ನಿದ್ರೆಯನ್ನು ಶಾಶ್ವತವಾಗಿ ರದ್ದುಗೊಳಿಸುವುದು ಸುಲಭವಾದರೂ ಜಾಣತನವಲ್ಲ. ಯಂತ್ರವನ್ನು ಮರೆತು ಎದ್ದುಹೋದಾಗ ವಿದ್ಯುತ್ತು ವ್ಯರ್ಥವಾಗುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ ಬರಿದಾಗುತ್ತದೆ. ಆಟ ನಡೆಯುವಷ್ಟು ಹೊತ್ತು ಮಾತ್ರ ನಿದ್ರೆಯನ್ನು ತಡೆಹಿಡಿಯುವುದು ಉತ್ತಮ ಮಾರ್ಗ. ಗ್ನೋಮ್ ಪರಿಸರದಲ್ಲಿ ಈ ಕೆಲಸಕ್ಕೆ 'ಗ್ನೋಮ್-ಸೆಷನ್-ಇನ್‌ಹಿಬಿಟ್' ಎಂಬ ಆಜ್ಞೆಯುಂಟು. ಅದರ ಮುಂದೆ ಆಟದ ಹೆಸರನ್ನು ಬರೆದು ಚಾಲನೆ ಕೊಟ್ಟರೆ, ಆಟ ಮುಗಿಯುವವರೆಗೆ ಯಂತ್ರವು ತಾನು ಬಿಡುವಾಗಿರುವೆನೆಂದು ಭಾವಿಸುವುದಿಲ್ಲ. 'ಸಿಸ್ಟಮ್‌ಡಿ-ಇನ್‌ಹಿಬಿಟ್' ಎಂಬ ಇನ್ನೊಂದು ಆಜ್ಞೆ ಇಂತಹುದೇ ಕೋರಿಕೆಯನ್ನು ವ್ಯವಸ್ಥೆಯ ಮಟ್ಟದಲ್ಲಿ ಸಲ್ಲಿಸುತ್ತದೆ.

ಈ ಎರಡನೆಯ ಏರ್ಪಾಡಿನಲ್ಲಿ ಮೆಚ್ಚತಕ್ಕ ಯುಕ್ತಿಯೊಂದಿದೆ. ಕೋರಿಕೆ ಸಲ್ಲಿಸಿದ ತಂತ್ರಾಂಶಕ್ಕೆ ದೊರೆಯುವ ತಡೆಯಾಜ್ಞೆಯು ತೆರೆದಿಟ್ಟ ಕಡತದ ರೂಪದಲ್ಲಿರುತ್ತದೆ. ಆ ತಂತ್ರಾಂಶವು ಕ್ರಮವಾಗಿ ಮುಗಿಯಲಿ, ನಡುವೆಯೇ ಕುಸಿದು ಬೀಳಲಿ, ಕರ್ನೆಲ್ ಅದು ತೆರೆದಿದ್ದ ಕಡತಗಳನ್ನೆಲ್ಲ ಮುಚ್ಚುತ್ತದೆ; ಅದರೊಡನೆಯೇ ತಡೆಯೂ ಅಳಿಯುತ್ತದೆ. ತೆಗೆಯಲು ಮರೆತ ಅಗುಳಿಯಂತೆ ಅದು ಉಳಿದುಬಿಡುವ ಭಯವಿಲ್ಲ.

ಅನೇಕ ಆಟಗಳಿಗೆ ತಳಹದಿಯಾಗಿರುವ ಎಸ್‌ಡಿಎಲ್ ಎಂಬ ತಂತ್ರಾಂಶ ಭಂಡಾರವು ತನ್ನ 2.0.2ನೆಯ ಆವೃತ್ತಿಯಿಂದ ಪರದೆಯನ್ನು ಎಚ್ಚರವಾಗಿಡುವ ಕೋರಿಕೆಯನ್ನು ತಾನಾಗಿಯೇ ಸಲ್ಲಿಸುತ್ತದೆ. ಎಲ್ಲ ಆಟಗಳಲ್ಲಿಯೂ ಈ ತೊಂದರೆ ಕಾಣದಿರುವುದಕ್ಕೆ ಇದೂ ಒಂದು ಕಾರಣ.

ಯಂತ್ರವು ನಮ್ಮನ್ನು ಅರಿಯುವುದು ತನಗೆ ತೆರೆದಿರುವ ಬಾಗಿಲುಗಳ ಮೂಲಕ ಮಾತ್ರ. ಅದರ ವರ್ತನೆ ವಿಚಿತ್ರವೆಂದು ತೋರಿದಾಗ, ಯಾವ ಬಾಗಿಲಿನಿಂದ ಬಂದ ಸುದ್ದಿ ಅದರ ಕಿವಿಗೆ ಬೀಳುತ್ತಿಲ್ಲವೆಂದು ವಿಚಾರಿಸಿದರೆ, ಉತ್ತರ ದೊರೆಯುವುದುಂಟು.