ಮಲ್ಲಿಕ್ ಬಜಾರಿನ ನೂಲು

ಉಸ್ತಾದರು ಮುಂದಿನ ಟೈರಿನ ಮೇಲೆ ಅಂಗೈ ಆಡಿಸಿದರು. ಒಳಗಿನಿಂದ ಹೊರಕ್ಕೆ ಸವರಿದರೆ ನುಣುಪು, ಹೊರಗಿನಿಂದ ಒಳಕ್ಕೆ ತಂದರೆ ಗರಗಸದ ಹಲ್ಲಿನಂತೆ ತರಚು. "ಎರಡೂ ಗಾಲಿ ಹೊರಕ್ಕೆ ನೋಡ್ತಿವೆ," ಎಂದರು. ಹಳದಿ ಅಂಬಾಸಿಡರ್ ಟ್ಯಾಕ್ಸಿಯ ಡ್ರೈವರು ಮಣ್ಣಿನ ಕುಡಿಕೆಯ ಚಹಾ ಕೈಯಲ್ಲೇ ಹಿಡಿದು ಬಗ್ಗಿ ನೋಡಿದ. ಟ್ರಾಂ ಹಳಿಗಳನ್ನು ಹಾಯ್ದು ಹಾಯ್ದು ಹೀಗಾಗಿದೆ ಎಂಬುದು ಅವನ ದೂರು.

ಕೋಲ್ಕತ್ತಾದ ಪಾರ್ಕ್ ಸ್ಟ್ರೀಟು ಎ.ಜೆ.ಸಿ. ಬೋಸ್ ರಸ್ತೆಯನ್ನು ಸೇರುವಲ್ಲಿ ಈ ಮಲ್ಲಿಕ್ ಬಜಾರ್. 1767ರಲ್ಲಿ ತೆರೆದ ಇಂಗ್ಲಿಷರ ಸ್ಮಶಾನ ಸಮೀಪದಲ್ಲೇ ಇದೆ. ಇತ್ತ ಬೀದಿಯಲ್ಲಿ ಗುಡ್ಡೆಬಿದ್ದ ಬಾಗಿಲುಗಳು, ಗೇರ್‌ಬಾಕ್ಸುಗಳು, ಕಪ್ಪು ಎಣ್ಣೆ ಕುಡಿದ ನೆಲ. ಹೂಗ್ಲಿ ನದಿಯಾಚೆ ಉತ್ತರಪಾಡಾದ ಹಿಂದೂಸ್ತಾನ್ ಮೋಟಾರ್ಸ್ 2014ರಲ್ಲಿ ಅಂಬಾಸಿಡರ್ ತಯಾರಿ ನಿಲ್ಲಿಸಿತು. ಇರುವ ಗಾಡಿಗಳ ಜೀವ ಇಂಥ ಕೈಗಳಲ್ಲಿದೆ.

ಅಳತೆಗೆ ಮೊದಲು ಪರೀಕ್ಷೆ. ಟೈರುಗಳ ಗಾಳಿ ಸಮ ಮಾಡಿಸಿದರು. ಗಾಲಿಯನ್ನು ಜಾಕಿನ ಮೇಲೆತ್ತಿ, ಎರಡೂ ಕೈಯಿಂದ ಹಿಡಿದು ಅಲುಗಿಸಿದರು. ಬಲಗಡೆ ಟಕ್ ಎಂದಿತು. ಟೈ ರಾಡಿನ ತುದಿಯ ಬಾಲ್ ಜಾಯಿಂಟ್ ಸವೆದಿತ್ತು. ಅದನ್ನು ಬದಲಿಸದೆ ಅಳೆದರೆ ಅಳತೆಯೇ ಸುಳ್ಳು. ಕಂಪ್ಯೂಟರ್ ಅಲೈನ್‌ಮೆಂಟಿನ ಅಂಕಿಗಳು ನಿಖರ, ಒಪ್ಪುತ್ತೇನೆ. ಆದರೆ ಈ ಟಕ್ ಹುಡುಕುವುದು ಕೈಯ ಕೆಲಸವೇ.

ಮುಂದೆ ಟೈರಿನ ನಡುವೆ ಸೀಮೆಸುಣ್ಣ ಹಚ್ಚಿ, ಗಾಲಿ ತಿರುಗಿಸುತ್ತ ಮೊಳೆಯಲ್ಲಿ ಗೆರೆ ಕೊರೆದರು. ಗಾಡಿ ಕೆಳಗಿಳಿಯಿತು. ಪೈಪಿಗೆ ಎರಡು ನೆಟ್ಟಗಿನ ಸರಳು ಬೆಸೆದ ಗೇಜನ್ನು ಸಹಾಯಕ ಹುಡುಗ ಅಡಿಗೆ ತೂರಿಸಿದ. ಗೆರೆಯಿಂದ ಗೆರೆಗೆ ಮುಂಬದಿಯ ಅಂತರ ಹಿಡಿದು, ಗಾಡಿಯನ್ನು ಅರ್ಧ ಸುತ್ತು ಮುಂದಕ್ಕೆ ತಳ್ಳಿ, ಅದೇ ಗೆರೆಗಳ ಅಂತರವನ್ನು ಹಿಂಬದಿಯಲ್ಲಿ ನೋಡಿದರು. ಮುಂಬದಿಯೇ ನಾಲ್ಕು ಮಿಲಿಮೀಟರ್ ಅಗಲ. ಅದು ಹಿಂಬದಿಗಿಂತ ಎರಡು ಮಿಲಿಮೀಟರಿನಷ್ಟು ಕಿರಿದಿರಬೇಕು. ಹಿಂಗಾಲಿಗಳು ತಳ್ಳುವ ಇಂಥ ಗಾಡಿ ಓಡುವಾಗ ರಸ್ತೆಯ ತಡೆಗೆ ಮುಂಗಾಲಿಗಳು ತುಸು ಹೊರಕ್ಕೆ ಸರಿಯುತ್ತವೆ. ನಿಂತಾಗ ಚೂರು ಒಳಮುಖವಾಗಿದ್ದರೆ ಓಡುವಾಗ ನೇರ.

ಅಂಬಾಸಿಡರ್‌ನಲ್ಲಿ ಟೈ ರಾಡು ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಸರಿಸಮ ತಿರುಗಿಸಬೇಕು.

ಚೆಕ್‌ನಟ್ಟು ಸಡಿಲಾಯಿತು. ಕಾಲು ಸುತ್ತು, ಅಳತೆ. ಮತ್ತೆ ಕಾಲು ಸುತ್ತು, ಅಳತೆ. ಕೊನೆಗೆ ಗೇಜು ಒಪ್ಪಿತು. ಡ್ರೈವರು ಸುತ್ತು ಹೊಡೆದು ಬಂದು, "ಎಳೀತಾ ಇಲ್ಲ, ಉಸ್ತಾದ್" ಎಂದು ದುಡ್ಡು ತೆಗೆದ. ಉಸ್ತಾದರ ಕಣ್ಣು ಸ್ಟೇರಿಂಗಿನ ಮೇಲಿತ್ತು. ಗಾಡಿ ನೇರ ನಿಂತಿದೆ, ಸ್ಟೇರಿಂಗಿನ ಕಡ್ಡಿ ಮಾತ್ರ ಒಂದು ಬೆರಳು ಎಡಕ್ಕೆ ವಾಲಿದೆ.

"ನಡೆಯುತ್ತೆ ಬಿಡಿ," ಎಂದ ಡ್ರೈವರು.

ಅವರು ಜೇಬಿನಿಂದ ನೂಲಿನುಂಡೆ ತೆಗೆದು ಒಂದು ತುದಿಯನ್ನು ಹುಡುಗನಿಗೆ ಕೊಟ್ಟರು. ಅವನು ಹಿಂಗಾಲಿಯ ಬಳಿ ಕುಕ್ಕರಗಾಲಲ್ಲಿ ಕುಳಿತ. ನೂಲು ಗಾಡಿಯ ಉದ್ದಕ್ಕೂ ಬಿಗಿಯಾಯಿತು. ಉಸ್ತಾದರು ಒಂದು ಕಣ್ಣು ಮುಚ್ಚಿ ನೆಲಕ್ಕೆ ಕೆನ್ನೆ ತಾಗಿಸಿದರು.