ಕರಿಕಲ್ಲಿನ ತೂಕ: ಕೊಲಂಬೈಟ್–ಟ್ಯಾಂಟಲೈಟ್ ಎಂಬ ವಿರಳ ಖನಿಜ



ಇಳಕಲ್ಲಿನ ಸುತ್ತಮುತ್ತಲ ಕಲ್ಲುಗಣಿಗಳನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಒಂದು ಕಡೆ ಲಾರಿ ಏರಲು ಸಿದ್ಧವಾದ ಕೆಂಪು ಗ್ರಾನೈಟಿನ ದೊಡ್ಡ ಬ್ಲಾಕುಗಳು. ಇನ್ನೊಂದು ಕಡೆ ಬೇಡವೆಂದು ತಳ್ಳಿದ ಕಲ್ಲುಗಳ ರಾಶಿ. ವ್ಯಾಪಾರಿಗೆ ಬೇಕಾದದ್ದು ಮೈಯೆಲ್ಲ ಒಂದೇ ಬಣ್ಣ, ಒಂದೇ ಅಳತೆಯ ಕಣಗಳಿರುವ ಕಲ್ಲು. ನಡುವೆ ಬಿಳಿಯದೋ ತಿಳಿಗೆಂಪಿನದೋ ಒರಟು ಪಟ್ಟೆಯೊಂದು ಹಾದುಹೋಗಿದ್ದರೆ ಆ ಬ್ಲಾಕಿಗೆ ಬೆಲೆಯಿಲ್ಲ, ಅದು ರಾಶಿ ಸೇರುತ್ತದೆ. ನಾವು ಇಂದು ತಿಳಿಯಲು ಹೊರಟಿರುವ ಖನಿಜವನ್ನು ಹುಡುಕುವವನಾದರೋ ಒಳ್ಳೆಯ ಬ್ಲಾಕುಗಳತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ನೇರವಾಗಿ ಆ ರಾಶಿಯ ಬಳಿಗೆ ನಡೆಯುತ್ತಾನೆ. ಅವನಿಗೆ ಬೇಕಾದದ್ದು ಆ ಒರಟು ಪಟ್ಟೆ. ಅದರ ಹೆಸರು ಪೆಗ್ಮಟೈಟ್.

ಪೆಗ್ಮಟೈಟ್ ಹೇಗೆ ಹುಟ್ಟುತ್ತದೆ? ಸುಮಾರು 250 ಕೋಟಿ ವರ್ಷಗಳ ಹಿಂದೆ ಈ ಭಾಗದ ಗ್ರಾನೈಟುಗಳು ಭೂಮಿಯ ಆಳದಲ್ಲಿ ಕರಗಿದ ಶಿಲಾಪಾಕವಾಗಿದ್ದವು. ಪಾಕ ತಣ್ಣಗಾಗುತ್ತ ಬಂದಂತೆ ಫೆಲ್ಡ್‌ಸ್ಪಾರ್, ಬೆಣಚುಕಲ್ಲು, ಅಭ್ರಕಗಳ ಹರಳುಗಳು ಕಟ್ಟಿದವು. ಪ್ರತಿಯೊಂದು ಹರಳಿನ ಚೌಕಟ್ಟಿನಲ್ಲಿಯೂ ಇಂಥ ಪರಮಾಣುವಿಗೆ ಇಂಥ ಸ್ಥಾನವೆಂಬ ನಿಯಮವಿದೆ. ಗಾತ್ರವೋ ವಿದ್ಯುದಂಶವೋ ಹೊಂದದ ಧಾತುಗಳಿಗೆ ಅಲ್ಲಿ ಜಾಗವಿಲ್ಲ. ಲಿಥಿಯಂ, ಬೆರಿಲಿಯಂ, ನಯೋಬಿಯಂ, ಟ್ಯಾಂಟಲಮ್ ಇಂಥ ಹೊರಗುಳಿದವು. ಮದುವೆಯ ಊಟದಲ್ಲಿ ಮೊದಲ ಪಂಕ್ತಿಗಳಲ್ಲಿ ಎಲೆ ಸಿಗದವರೆಲ್ಲ ಕೊನೆಯ ಪಂಕ್ತಿಯಲ್ಲಿ ಕೂಡುವಂತೆ, ಇವೆಲ್ಲ ಕಟ್ಟಕಡೆಗೆ ಉಳಿದ ಸ್ವಲ್ಪ ದ್ರವದಲ್ಲಿ ಒಟ್ಟುಗೂಡುತ್ತವೆ. ಆ ದ್ರವದಲ್ಲಿ ನೀರಿನ ಅಂಶ ಹೆಚ್ಚು. ಅದು ತೆಳುವಾಗಿ ಹರಿದು ಬಿರುಕುಗಳನ್ನು ಹೊಗುತ್ತದೆ. ಅದರೊಳಗೆ ಪರಮಾಣುಗಳು ಸುಲಭವಾಗಿ ಚಲಿಸುವುದರಿಂದ ಹರಳುಗಳೂ ದೊಡ್ಡದಾಗಿ ಬೆಳೆಯುತ್ತವೆ. ಗ್ರಾನೈಟಿನಲ್ಲಿ ಕಾಳಿನಷ್ಟಿದ್ದ ಫೆಲ್ಡ್‌ಸ್ಪಾರ್ ಪೆಗ್ಮಟೈಟಿನಲ್ಲಿ ಅಂಗೈಯಗಲ, ಕೆಲವೊಮ್ಮೆ ಆಳೆತ್ತರವೂ ಆಗುವುದುಂಟು.

ಇಂಥ ಪಟ್ಟೆಗಳಲ್ಲಿ ಅಪರೂಪಕ್ಕೆ ಸಿಗುವ ಕರಿಯ ಆಕ್ಸೈಡೇ ಕೊಲಂಬೈಟ್–ಟ್ಯಾಂಟಲೈಟ್. ಇದರಲ್ಲಿ ಕಬ್ಬಿಣ ಅಥವಾ ಮ್ಯಾಂಗನೀಸಿನ ಒಂದು ಪರಮಾಣುವಿಗೆ ನಯೋಬಿಯಂ ಅಥವಾ ಟ್ಯಾಂಟಲಮ್‌ನ ಎರಡು, ಆಮ್ಲಜನಕದ ಆರು ಪರಮಾಣುಗಳಿರುತ್ತವೆ. ನಯೋಬಿಯಂ ಹೆಚ್ಚಿದ್ದರೆ ಕೊಲಂಬೈಟ್, ಟ್ಯಾಂಟಲಮ್ ಹೆಚ್ಚಿದ್ದರೆ ಟ್ಯಾಂಟಲೈಟ್. ಈ ಎರಡು ಧಾತುಗಳ ಅಯಾನುಗಳು ಗಾತ್ರದಲ್ಲಿಯೂ ವಿದ್ಯುದಂಶದಲ್ಲಿಯೂ ಅವಳಿಗಳಂತಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂಡುತ್ತದೆ.

ಈ ಅವಳಿಗಳು ವಿಜ್ಞಾನಿಗಳನ್ನೂ ಚೆನ್ನಾಗಿ ಕಾಡಿದವು. 1801ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಹ್ಯಾಚೆಟ್, ಅಮೆರಿಕದಿಂದ ಬಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಕರಿಕಲ್ಲೊಂದರಲ್ಲಿ ಹೊಸ ಧಾತುವನ್ನು ಗುರುತಿಸಿ ಅದಕ್ಕೆ ಕೊಲಂಬಿಯಂ ಎಂದು ಹೆಸರಿಟ್ಟ. ಮರುವರ್ಷ ಸ್ವೀಡನ್ನಿನ ಎಕೆಬರ್ಗ್ ಟ್ಯಾಂಟಲಮ್ ಕಂಡುಹಿಡಿದ. ಗ್ರೀಕ್ ಪುರಾಣದ ಟ್ಯಾಂಟಲಸ್ ಕುತ್ತಿಗೆಮಟ್ಟ ನೀರಿನಲ್ಲಿ ನಿಂತೂ ಬಾಯಾರಿಯೇ ಇರಬೇಕಾದ ಶಾಪಗ್ರಸ್ತ. ಈ ಧಾತುವಿನ ಆಕ್ಸೈಡೂ ಆಮ್ಲದಲ್ಲಿ ಮುಳುಗಿದ್ದರೂ ಅದನ್ನು ಹೀರದೆ ಹಾಗೆಯೇ ಇರುತ್ತಿತ್ತು! ಎರಡೂ ಒಂದೇ ಎಂದು 1809ರಲ್ಲಿ ವೊಲಾಸ್ಟನ್ ತೀರ್ಪಿತ್ತ. ಅಲ್ಲ, ಬೇರೆ ಬೇರೆ ಎಂದು 1844ರಲ್ಲಿ ಜರ್ಮನಿಯ ಹೈನ್ರಿಖ್ ರೋಸ್ ತೋರಿಸಿ, ಟ್ಯಾಂಟಲಸನ ಮಗಳಾದ ನಯೋಬಿಯ ಹೆಸರನ್ನು ಎರಡನೆಯದಕ್ಕೆ ಕೊಟ್ಟ. ಕೊಲಂಬಿಯಂ ಎಂಬ ಹಳೆಯ ಹೆಸರು ಈಗ ಖನಿಜದಲ್ಲಿ ಉಳಿದುಕೊಂಡಿದೆ.

ಇರಲಿ, ಇದನ್ನು ಗುರುತಿಸುವುದು ಹೇಗೆ? ಕಣ್ಣನ್ನು ನಂಬಬೇಡಿ. ಕರಿಯ ಕಲ್ಲುಗಳು ಬೇಕಾದಷ್ಟಿವೆ. ಪೆಗ್ಮಟೈಟಿನಲ್ಲಿ ಉದ್ದನೆಯ ಗೆರೆಗಳಿರುವ ಕಪ್ಪು ಟೂರ್ಮಲಿನ್ ಇರುತ್ತದೆ. ಹಾಳೆಹಾಳೆಯಾಗಿ ಬಿಡುವ ಕಪ್ಪು ಅಭ್ರಕವಿರುತ್ತದೆ. ಹುನಗುಂದದ ಸುತ್ತಲಂತೂ ಕಬ್ಬಿಣದ ಅಂಶ ತುಂಬಿದ ಪಟ್ಟೆಶಿಲೆಗಳಿವೆ. ಅವುಗಳ ತುಣುಕೂ ಕಪ್ಪಗೆ, ಭಾರವಾಗಿ ಇರಬಲ್ಲುದು. ಆದುದರಿಂದ ನಿಮ್ಮ ಶಾಲೆಯ ಪ್ರಯೋಗಾಲಯದ ಸ್ಪ್ರಿಂಗ್ ತ್ರಾಸನ್ನು ತೆಗೆದುಕೊಳ್ಳಿ. ಕಲ್ಲನ್ನು ದಾರದಲ್ಲಿ ಕಟ್ಟಿ ಗಾಳಿಯಲ್ಲಿ ತೂಗಿ. 60 ಗ್ರಾಂ ಬಂತೆನ್ನಿ. ಈಗ ಅದನ್ನು ಪಾತ್ರೆಯ ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ತೂಗಿ. 41 ಗ್ರಾಂ ತೋರಿಸಿದರೆ ಕಳೆದ ತೂಕ 19. ಅರವತ್ತನ್ನು ಹತ್ತೊಂಬತ್ತರಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ಸುಮಾರು 3.2. ಇದು ಟೂರ್ಮಲಿನ್ ಇದ್ದೀತು, ನಮ್ಮ ಖನಿಜವಂತೂ ಅಲ್ಲ. ನೀರಿನಲ್ಲಿ 50 ಗ್ರಾಂ ತೋರಿಸಿದರೋ? ಕಳೆದದ್ದು 10, ಸಾಂದ್ರತೆ 6. ಈಗ ಕುತೂಹಲಕ್ಕೆ ಕಾರಣವಿದೆ! ಕೊಲಂಬೈಟಿನ ಸಾಂದ್ರತೆ ಸುಮಾರು 5.2, ಟ್ಯಾಂಟಲಮ್ ಹೆಚ್ಚಿದಂತೆ ಅದು ಏರುತ್ತ ಟ್ಯಾಂಟಲೈಟಿನಲ್ಲಿ 8ರವರೆಗೆ ಹೋಗುತ್ತದೆ. ಬೆಣಚುಕಲ್ಲಿನದು 2.65 ಮಾತ್ರ. ಕಲ್ಲಿಗೆ ಬಿಳಿಯ ಫೆಲ್ಡ್‌ಸ್ಪಾರ್ ಅಂಟಿಕೊಂಡಿದ್ದರೆ ಉತ್ತರ ಕಡಿಮೆ ಬರುತ್ತದೆ. ಮೊದಲು ಅದನ್ನು ಬಿಡಿಸಿ.

ಆದರೆ ಸಾಂದ್ರತೆ 5ರ ಆಸುಪಾಸಿನಲ್ಲಿದ್ದರೆ ಕಬ್ಬಿಣದ ಅದಿರೂ ಅಲ್ಲಿಯೇ ನಿಂತಿರುತ್ತದೆ. ಆಗ ಇನ್ನೆರಡು ಪರೀಕ್ಷೆ. ಮ್ಯಾಗ್ನೆಟೈಟನ್ನು ಅಯಸ್ಕಾಂತ ಥಟ್ಟನೆ ಹಿಡಿಯುತ್ತದೆ, ಕೊಲಂಬೈಟನ್ನು ಹಾಗೆ ಹಿಡಿಯುವುದಿಲ್ಲ. ಹೊಳಪಿಲ್ಲದ ಬಿಳಿ ಪಿಂಗಾಣಿಯ ಮೇಲೆ ಕಲ್ಲನ್ನು ಉಜ್ಜಿದರೆ ಹೆಮಟೈಟ್ ಕುಂಕುಮದಂಥ ಕೆಂಪು ಗೀರು ಬಿಡುತ್ತದೆ; ಕೊಲಂಬೈಟಿನ ಗೀರು ಕಡುಕಂದು ಅಥವಾ ಕಪ್ಪು. ಇದರ ಕಾಠಿಣ್ಯ 6ಕ್ಕಿಂತ ತುಸು ಮೇಲೆ, ಗಾಜನ್ನು ಗೀರಬಲ್ಲುದು. ಹೊಸದಾಗಿ ಒಡೆದ ಮೈ ಅರೆಲೋಹದ ಹೊಳಪಿನದು. ಕೊನೆಯ ಮಾತು ರಾಸಾಯನಿಕ ವಿಶ್ಲೇಷಣೆಯದೇ.

ಬಾದಾಮಿಯ ವಿದ್ಯಾರ್ಥಿಗಳು ಕೇಳಬಹುದು: ನಮ್ಮ ಬೆಟ್ಟದಲ್ಲಿ? ಗುಹಾದೇವಾಲಯಗಳನ್ನು ಕೊರೆದ ಆ ಕೆಂಪು ಬಂಡೆ ಮರಳುಗಲ್ಲು. ಗ್ರಾನೈಟಿನಂಥ ಹಳೆಯ ಶಿಲೆಗಳು ಸವೆದ ಮರಳು ಸೇರಿ ಆದದ್ದು. ಅದರಲ್ಲಿ ಪೆಗ್ಮಟೈಟ್ ಹುಟ್ಟುವುದಿಲ್ಲ. ಬಾಗಲಕೋಟೆಯ ಸುಣ್ಣಕಲ್ಲಿನಲ್ಲಿಯೂ ಇಲ್ಲ. ಅದು ಹಳೆಯ ಕಡಲಿನ ಕೆಸರು. ಹಾಗಾಗಿ ನಿಮ್ಮ ಜಿಲ್ಲೆಯಲ್ಲಿ ಹುಡುಕುವ ಕಣ್ಣಿಗೆ ಕೆಲಸವಿರುವುದು ಹುನಗುಂದ, ಇಳಕಲ್ಲಿನ ಕಡೆ, ಅದರಲ್ಲಿಯೂ ಗ್ರಾನೈಟು ಹಳೆಯ ಪದರಶಿಲೆಗಳನ್ನು ಮುಟ್ಟುವ ಅಂಚಿನಲ್ಲಿ. ವಿರಳ ಧಾತುಗಳ ಪೆಗ್ಮಟೈಟುಗಳು ತಾಯಿ ಗ್ರಾನೈಟಿನಿಂದ ದೂರ ಸರಿದು ಇಂಥ ಪದರಶಿಲೆಗಳಲ್ಲಿ ನೆಲೆಸುವುದೇ ಹೆಚ್ಚು. ಇಳಕಲ್ಲಿನಿಂದ ಪೂರ್ವಕ್ಕೆ, ಲಿಂಗಸುಗೂರು ತಾಲೂಕಿನ ಅಮರೇಶ್ವರದ ಬಳಿ ಲಿಥಿಯಂ ಖನಿಜವಿರುವ ಪೆಗ್ಮಟೈಟುಗಳಿವೆ. ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಲಿಥಿಯಂ ಜೊತೆಗೆ ಕೊಲಂಬೈಟ್–ಟ್ಯಾಂಟಲೈಟೂ ಇದೆ. ಆದರೆ ಆಸೆಗೆ ಮಿತಿ ಬೇಕು. ಅಲ್ಲಿ 14,100 ಟನ್ ಲಿಥಿಯಂ ಇದೆಯೆಂದು 2020ರಲ್ಲಿ ಸುದ್ದಿಯಾಯಿತು. ಪರಮಾಣು ಖನಿಜ ನಿರ್ದೇಶನಾಲಯ ಪರೀಕ್ಷಿಸಿ 2021ರಲ್ಲಿ ಕೊಟ್ಟ ಪ್ರಾಥಮಿಕ ಅಂದಾಜು 1,600 ಟನ್. ಇನ್ನು ಹೆಚ್ಚಿನ ಪೆಗ್ಮಟೈಟುಗಳಲ್ಲಿ ಬೆಣಚು, ಫೆಲ್ಡ್‌ಸ್ಪಾರ್ ಬಿಟ್ಟರೆ ಬೇರೇನೂ ಇರುವುದಿಲ್ಲ.

ಭಾರವಾದ ಖನಿಜಕ್ಕೆ ಇನ್ನೊಂದು ನೆಲೆ ಹಳ್ಳದ ತಳ. ಪೆಗ್ಮಟೈಟ್ ಸವೆದಾಗ ಹಗುರ ಕಣಗಳು ಕೊಚ್ಚಿಹೋಗಿ ಭಾರದ ಕಣಗಳು ತಳದಲ್ಲಿ ನಿಲ್ಲುತ್ತವೆ. ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಚಿನ್ನದ ಕಣ ತೊಳೆದು ತೆಗೆಯುತ್ತಿದ್ದುದೂ ಇದೇ ತತ್ತ್ವದಿಂದ.

ಇಷ್ಟೆಲ್ಲ ಶ್ರಮವೇಕೆ ಎನ್ನುವಿರಾ? ಬೆಲ್ಲದ ಹರಳಿನಷ್ಟೂ ಇಲ್ಲದ ಟ್ಯಾಂಟಲಮ್ ಕೆಪಾಸಿಟರುಗಳು ಮೊಬೈಲ್ ಫೋನು, ಶ್ರವಣಯಂತ್ರಗಳೊಳಗೆ ಕೆಲಸ ಮಾಡುತ್ತವೆ. ಈ ಲೋಹ ಕರಗಲು 3,000 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಕೈಗಾ ರಿಯಾಕ್ಟರುಗಳ ಒತ್ತಡದ ಕೊಳವೆಗಳು ಜಿರ್ಕೋನಿಯಂಗೆ ಶೇಕಡಾ 2.5 ನಯೋಬಿಯಂ ಬೆರೆಸಿದ ಮಿಶ್ರಲೋಹದವು. ನಮ್ಮಲ್ಲಿ ಇದು ಬಹುಕಾಲ ಪರಮಾಣು ಖನಿಜಗಳ ಪಟ್ಟಿಯಲ್ಲಿತ್ತು. 2023ರ ತಿದ್ದುಪಡಿ ಕಾನೂನು ನಯೋಬಿಯಂ, ಟ್ಯಾಂಟಲಮ್ ಅದಿರುಗಳನ್ನು ಆ ಪಟ್ಟಿಯಿಂದ ತೆಗೆಯಿತು. ಆಫ್ರಿಕಾದ ಕಾಂಗೋದಲ್ಲಿ ಇದೇ ಅದಿರನ್ನು ಕೋಲ್ಟಾನ್ ಎನ್ನುತ್ತಾರೆ. ಅಲ್ಲಿ ಬಡವರು ಕೈಯಿಂದಲೇ ತೋಡಿ ತೆಗೆದ ಅದಿರಿನ ಹಣ ಸಶಸ್ತ್ರ ಗುಂಪುಗಳ ಪಾಲಾದದ್ದುಂಟು.

ನಿಮ್ಮ ತ್ರಾಸು ಎಂದಾದರೂ 6 ಎಂದು ತೋರಿಸಿದರೆ, ಕಲ್ಲನ್ನು ಎತ್ತಿಕೊಂಡ ಜಾಗವನ್ನು ಅಂದೇ ಬರೆದಿಡಿ: ಯಾವ ಊರು, ಯಾವ ಹಳ್ಳ, ಪಟ್ಟೆ ಎಷ್ಟು ಅಗಲ, ಯಾವ ದಿಕ್ಕಿಗೆ ಹೋಗಿದೆ. ಅದರೊಂದಿಗೆ ನಿಮ್ಮ ವಿಜ್ಞಾನದ ಮೇಷ್ಟ್ರ ಮೂಲಕ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ತಿಳಿಸಿ. ಎಲ್ಲಿಯದೆಂದು ಗೊತ್ತಿಲ್ಲದ ಕಲ್ಲಿನಿಂದ ಭೂವಿಜ್ಞಾನಿಗೆ ಹೆಚ್ಚಿನ ಉಪಯೋಗವಿಲ್ಲ.