ಬೆರಳು ಹಳೆಯ ದಾರಿಯಲ್ಲೇ ಹೋಗುತ್ತದೆ

2025ರ ಆಗಸ್ಟ್‌ನಲ್ಲಿ ನಮ್ಮಲ್ಲಿ ಬಹಳ ಜನರ ಫೋನಿನ ಕರೆ ಪರದೆ ರಾತ್ರೋರಾತ್ರಿ ಬೇರೆಯಾಯಿತು. ಫೋನ್ ಹಾಳಾಯಿತೆಂದು ಕೆಲವರು, ಯಾರೋ ಹ್ಯಾಕ್ ಮಾಡಿದರೆಂದು ಇನ್ನು ಕೆಲವರು ಗಾಬರಿಯಾದರು. ಆದದ್ದು ಇಷ್ಟು: ಗೂಗಲ್ ತನ್ನ ‘ಫೋನ್’ ಆ್ಯಪ್‌ಗೆ ‘ಮಟೀರಿಯಲ್ 3 ಎಕ್ಸ್‌ಪ್ರೆಸಿವ್’ ಎಂಬ ಹೊಸ ವಿನ್ಯಾಸ ತೊಡಿಸಿತ್ತು. ಹಲವು ಕಂಪನಿಗಳ ಆಂಡ್ರಾಯ್ಡ್ ಫೋನುಗಳಲ್ಲಿ ಕರೆ ಮಾಡಲು ಇರುವುದು ಇದೇ ಆ್ಯಪ್. ಫೇವರಿಟ್ಸ್ ಮತ್ತು ಇತ್ತೀಚಿನ ಕರೆಗಳು ಒಂದೇ ‘ಹೋಮ್’ ಪುಟಕ್ಕೆ ಬಂದವು. ಕೆಳಗಿನ ಸಾಲಿನಲ್ಲಿದ್ದ ಕಾಂಟ್ಯಾಕ್ಟ್ಸ್ ಮೇಲಿನ ಮೆನುವಿನೊಳಗೆ ಸೇರಿಕೊಂಡಿತು. ಬಂದ ಕರೆ ಎತ್ತಲು ಮೇಲಕ್ಕೆ ಸರಿಸುತ್ತಿದ್ದ ಬೆರಳು ಇನ್ನು ಅಡ್ಡಕ್ಕೆ ಸರಿಸಬೇಕಾಯಿತು.

ಶಿಕಾರಿಪುರ, ಸೊರಬದ ಕಡೆ ಆಗಸ್ಟ್ ಎಂದರೆ ಮಳೆಗಾಲ. ಅಡಿಕೆಗೆ ಕೊಳೆರೋಗದ ಭಯ. ಮೈಲುತುತ್ತ, ಸುಣ್ಣ ಕಲಸಿ ಔಷಧಿ ಸಿದ್ಧವಾಗಿರುತ್ತದೆ, ಮಳೆ ಸ್ವಲ್ಪ ಹೊಳವಾದರೆ ಸಾಕು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ ಫೋನ್ ಹೋಗಬೇಕು. ಅವನು ವಾಪಸ್ ಮಾಡಿದಾಗ ತಕ್ಷಣ ಎತ್ತಬೇಕು. ಇಲ್ಲವಾದರೆ ಅವನು ಇನ್ನೊಬ್ಬರ ತೋಟಕ್ಕೆ ಹೋಗಿರುತ್ತಾನೆ. ಕೈಯೋ ಒದ್ದೆ. ಚರ್ಮದ ಮೂಲಕ ವಿದ್ಯುತ್ ಆವೇಶದಲ್ಲಾಗುವ ಸಣ್ಣ ಬದಲಾವಣೆಯನ್ನು ಗುರುತಿಸಿಯೇ ಟಚ್ ಪರದೆ ಬೆರಳು ಎಲ್ಲಿದೆ ಎಂದು ತಿಳಿಯುತ್ತದೆ. ನೀರಿನ ಹನಿಯೂ ಅಂಥದೇ ಬದಲಾವಣೆ ಮಾಡುವುದರಿಂದ ಪರದೆಗೆ ಬೆರಳು ಯಾವುದು, ಹನಿ ಯಾವುದು ಎಂದು ಗೊಂದಲ. ಇಂಥ ಹೊತ್ತಿನಲ್ಲಿ ಗುಂಡಿಯ ಜಾಗವೂ ಬದಲಾದರೆ ಸಿಟ್ಟು ಬರುವುದು ಸಹಜ. ಆ ಸಿಟ್ಟನ್ನು ‘ವಯಸ್ಸಾದವರಿಗೆ ಹೊಸದು ತಲೆಗೆ ಹತ್ತುವುದಿಲ್ಲ’ ಎಂದು ತಳ್ಳಿಹಾಕುವುದು ಅನ್ಯಾಯ. ಅದರ ಹಿಂದೆ ಮಿದುಳಿನ ಒಂದು ಗಟ್ಟಿ ಕಾರಣವಿದೆ.

ಅಮೆರಿಕದ ಹೆನ್ರಿ ಮೊಲೈಸನ್ ಎಂಬುವರಿಗೆ 1953ರಲ್ಲಿ ಅಪಸ್ಮಾರ ನಿಲ್ಲಿಸಲೆಂದು ಶಸ್ತ್ರಚಿಕಿತ್ಸೆ ಮಾಡಿ, ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದರು. ಆಮೇಲೆ ಅವರಿಗೆ ಹೊಸ ಘಟನೆಗಳು ನೆನಪಿನಲ್ಲಿ ಉಳಿಯಲಿಲ್ಲ. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಮೊಲೈಸನ್‌ಗೆ ಒಂದು ಕೆಲಸ ಕೊಟ್ಟರು: ಕನ್ನಡಿಯಲ್ಲಿ ಮಾತ್ರ ನೋಡುತ್ತಾ, ನಕ್ಷತ್ರದ ಎರಡು ಅಂಚುಗಳ ನಡುವೆ ಪೆನ್ಸಿಲ್ ಎಳೆಯುವುದು. ಮೊದಲ ದಿನ ಗೆರೆ ಎಲ್ಲೆಲ್ಲೋ ಹೋಯಿತು. ಮೂರನೆಯ ದಿನದ ಹೊತ್ತಿಗೆ ಕೈ ಪಳಗಿತ್ತು. ಆದರೆ ಇದನ್ನು ಹಿಂದೆ ಮಾಡಿದ್ದೇನೆ ಎಂಬುದೇ ಮೊಲೈಸನ್‌ಗೆ ಗೊತ್ತಿರಲಿಲ್ಲ! ಕೈಯ ಕಲಿಕೆಗೆ ಮಿದುಳಿನಲ್ಲಿ ಬೇರೆಯದೇ ವ್ಯವಸ್ಥೆ ಇದೆ ಎಂಬುದು ಹೀಗೆ ಬೆಳಕಿಗೆ ಬಂತು. ಬೇಸಲ್ ಗ್ಯಾಂಗ್ಲಿಯಾ, ಸೆರೆಬೆಲ್ಲಮ್ ಅದರ ಮುಖ್ಯ ಭಾಗಗಳು.

ಕರೆಂಟು ಹೋದಾಗ ಕತ್ತಲಲ್ಲೇ ಬೆಂಕಿಪೊಟ್ಟಣದ ಗೂಡಿಗೆ ಕೈ ಹೋಗುತ್ತದಲ್ಲ, ಫೋನಿನಲ್ಲಿ ನಾವು ಕರೆ ಎತ್ತುವುದೂ ಹಾಗೆಯೇ. ಹತ್ತು ವರ್ಷ ಸಾವಿರಾರು ಸಲ ಮೇಲಕ್ಕೆ ಸರಿಸಿದ ಬೆರಳು ಯೋಚಿಸುವುದಿಲ್ಲ. ಹೊಸ ಕ್ರಮ ಕಲಿತ ಮಾತ್ರಕ್ಕೆ ಹಳೆಯದು ಅಳಿಸಿಹೋಗುವುದೂ ಇಲ್ಲ. ಎರಡೂ ಒಳಗೆ ಪೈಪೋಟಿ ನಡೆಸುತ್ತವೆ. ಸಾವಕಾಶವಿದ್ದಾಗ ಹೊಸದು ಗೆಲ್ಲಬಹುದು, ಅವಸರದಲ್ಲಿ ಹಳೆಯದೇ ಗೆಲ್ಲುತ್ತದೆ. ಕರೆ ಬರುವುದು ಯಾವಾಗಲೂ ಅವಸರದಲ್ಲೇ.

ಕಣ್ಣಿನ ವಿಷಯ ಬೇರೆ. 60ರ ವಯಸ್ಸಿನ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕು 20ರ ವಯಸ್ಸಿಗೆ ಹೋಲಿಸಿದರೆ ಸುಮಾರು ಮೂರನೇ ಒಂದರಷ್ಟು. ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. ತಿಳಿ ಬಣ್ಣದ ಮೇಲೆ ಬೂದು ಅಕ್ಷರವಿದ್ದರೆ ಯುವಕರಿಗೆ ಚೆಂದ, ಹಿರಿಯರಿಗೆ ಮಸುಕು. ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ ಕನಿಷ್ಠ 4.5:1 ಇರಬೇಕೆಂದು ಅಂತರರಾಷ್ಟ್ರೀಯ ವೆಬ್ ಮಾರ್ಗಸೂಚಿ ಹೇಳುತ್ತದೆ. ಕನ್ನಡಕ್ಕೆ ಇದು ಇನ್ನೂ ಮುಖ್ಯವೆಂದು ನನ್ನ ಅಭಿಪ್ರಾಯ. ದ, ಧ, ಥ ಈ ಮೂರನ್ನು ಬೇರ್ಪಡಿಸುವುದು ಒಂದು ಸೀಳು, ಒಂದು ಚುಕ್ಕೆ. ಒತ್ತಕ್ಷರಗಳು ಸಾಲಿನ ಕೆಳಗೆ ಇನ್ನೂ ಚಿಕ್ಕದಾಗಿ ಕೂರುತ್ತವೆ. ಗೆರೆ ತೆಳುವಾಗಿ ಬಣ್ಣವೂ ಮಂಕಾದರೆ ಮೊದಲು ಮಾಯವಾಗುವುದು ಇವೇ.

ಹಾಗಾದರೆ ಮಾಡುವುದೇನು? ಕರೆ ಎತ್ತುವ ರೀತಿ ಒಗ್ಗದಿದ್ದರೆ ಫೋನ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಕಮಿಂಗ್ ಕಾಲ್ ಜೆಸ್ಚರ್’ ಹುಡುಕಿ. ಅಲ್ಲಿ ಸರಿಸುವ ಬದಲು ಒಂದೇ ಸಲ ಒತ್ತಿ ಎತ್ತುವ ಆಯ್ಕೆ ಇದೆ. ಅಕ್ಷರ ಮಸುಕೆನಿಸಿದರೆ ‘ಆ್ಯಕ್ಸೆಸಿಬಿಲಿಟಿ’ಯಲ್ಲಿ ದಪ್ಪ ಅಕ್ಷರ, ಹೆಚ್ಚು ಕಾಂಟ್ರಾಸ್ಟ್, ಆ್ಯನಿಮೇಷನ್ ತೆಗೆಯುವ ಆಯ್ಕೆಗಳಿವೆ, ಹೆಸರು ಫೋನಿನಿಂದ ಫೋನಿಗೆ ಕೊಂಚ ಬೇರೆ. ನಾನು ಎಲ್ಲಕ್ಕಿಂತ ಮೇಲೆಂದು ಹೇಳುವುದು ಡೈರೆಕ್ಟ್ ಡಯಲ್ ವಿಜೆಟ್. ಕೊನೆಗಾರ, ಮಗಳು, ಡಾಕ್ಟರು, ಹೀಗೆ ಬೇಕಾದ ನಾಲ್ಕೈದು ಹೆಸರನ್ನು ಹೋಮ್ ಸ್ಕ್ರೀನಿನಲ್ಲೇ ಇಟ್ಟರೆ ಒಳಗಿನ ಪುಟಗಳು ಹೇಗೆ ಬದಲಾದರೂ ಆ ಹೆಸರು ಒತ್ತಿದರೆ ಕರೆ ಹೋಗುತ್ತದೆ.

ಆ್ಯಪ್ ಮಾಹಿತಿಗೆ ಹೋಗಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಒತ್ತಿದರೆ ಹಳೆಯ ರೂಪ ಮರಳಬಹುದು. ಆಗ ಹಲವರು ಮಾಡಿದ್ದು ಅದನ್ನೇ. ಆದರೆ ದೋಷ ತಿದ್ದಿದ ಭಾಗವೂ ಅದರ ಜೊತೆ ಹೋಗುತ್ತದೆ. ಅಂದಚೆಂದದ ಸಿಟ್ಟಿನಲ್ಲಿ ಫೋನಿನ ಸುರಕ್ಷತೆಯ ಅಪ್‌ಡೇಟನ್ನೂ, ಹಣ ಕಳಿಸುವ ಆ್ಯಪ್‌ಗಳ ಅಪ್‌ಡೇಟನ್ನೂ ತಡೆಯಬೇಡಿ. ಹಳೆಯ ಪರದೆ ಕೊಡಿಸುತ್ತೇವೆಂದು ವಾಟ್ಸಾಪ್‌ನಲ್ಲಿ ಬರುವ ಲಿಂಕನ್ನಂತೂ ಮುಟ್ಟಲೇಬೇಡಿ.

ಹೊಸದಕ್ಕೇ ಒಗ್ಗಿಕೊಳ್ಳುವುದೆಂದು ತೀರ್ಮಾನಿಸಿದರೆ ಒಂದು ದಿನ ಹಳೆಯದು, ಒಂದು ದಿನ ಹೊಸದು ಎಂದು ಬದಲಿಸುತ್ತಿರಬೇಡಿ. ‘ಕೊಡಜ್ಜಾ, ನಾ ಮಾಡಿಕೊಡ್ತೀನಿ’ ಎಂದು ಮಕ್ಕಳು ಫೋನ್ ಕಿತ್ತುಕೊಂಡರೆ ಕಲಿಯುವುದು ಮಕ್ಕಳ ಬೆರಳೇ. ಪಕ್ಕದ ಕೋಣೆಯಿಂದ ಮೊಮ್ಮಗಳು ಕರೆ ಮಾಡಲಿ, ಅಜ್ಜ ಎತ್ತಲಿ. ಮತ್ತೆ ಮಾಡಲಿ, ಮತ್ತೆ ಎತ್ತಲಿ. ಸಂಜೆ ಸ್ವಲ್ಪ ಅಭ್ಯಾಸ ಮಾಡಿ ಮಲಗಿದರೆ ಒಳ್ಳೆಯದು, ಏಕೆಂದರೆ ಕೈಯ ಕಲಿಕೆ ನಿದ್ದೆಯಲ್ಲೂ ಗಟ್ಟಿಯಾಗುತ್ತದೆ.

ಕಂಪನಿಗಳಿಗೆ ದೂರು ಹೇಳಿದರೆ ಉಪಯೋಗವಿಲ್ಲ ಎಂದುಕೊಳ್ಳಬೇಕಿಲ್ಲ. ಆ್ಯಪಲ್ 2025ರ ಸೆಪ್ಟೆಂಬರ್‌ನಲ್ಲಿ ಐಫೋನಿಗೆ ಗಾಜಿನಂತೆ ಪಾರದರ್ಶಕವಾದ ‘ಲಿಕ್ವಿಡ್ ಗ್ಲಾಸ್’ ರೂಪ ಕೊಟ್ಟಾಗ ಅಕ್ಷರ ಓದಲಾಗುತ್ತಿಲ್ಲವೆಂದು ಹಲವರು ಆಕ್ಷೇಪಿಸಿದರು. ನವೆಂಬರ್‌ನ ಐಒಎಸ್ 26.1ರಲ್ಲಿ ಆ ಗಾಜನ್ನು ಮಂದ ಮಾಡಿಕೊಳ್ಳುವ ‘ಟಿಂಟೆಡ್’ ಆಯ್ಕೆ ಬಂತು. ಆಂಡ್ರಾಯ್ಡ್ ಬಳಸುವವರಿಗೂ ಪ್ಲೇ ಸ್ಟೋರ್‌ನಲ್ಲಿ ಅಭಿಪ್ರಾಯ ಬರೆಯುವ ಜಾಗವಿದೆ. ಶಿರಾಳಕೊಪ್ಪದಿಂದಲೋ ಆನವಟ್ಟಿಯಿಂದಲೋ ಕನ್ನಡದಲ್ಲೇ ಬರೆಯಿರಿ: ಫೋನಿನ ಮಾದರಿ ಯಾವುದು, ಯಾವ ಪುಟದಲ್ಲಿ ಯಾವ ಅಕ್ಷರ ಕಾಣಲಿಲ್ಲ, ಒದ್ದೆ ಕೈಯಲ್ಲಿ ಯಾವ ಗುಂಡಿ ಒತ್ತಲಾಗಲಿಲ್ಲ ಎಂದು ಬಿಡಿಸಿ ಹೇಳಿ.